ಹರಾಜು ಪ್ರಕಟಣೆಗೆ ಮುನ್ನ

ಕಳೆದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಡನೆ ನನ್ನ ಕಚೇರಿಗೆ ಬಂದರು. ದಿನಪತ್ರಿಕೆಯ ಒಂದು ಪುಟವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದರು. ತಮ್ಮ ಮನೆಯ ಚಕ್ಕುಬಂದಿ ಅಚ್ಚಾಗಿದ್ದ ಜಾಗಕ್ಕೆ ಸುತ್ತಲೂ ನೀಲಿ ಶಾಯಿಯ ಗೆರೆ ಎಳೆದಿದ್ದರು. ಮಗನ ವ್ಯಾಪಾರದ ಸಾಲಕ್ಕೆ ಆ ಮನೆ ಅಡಮಾನವಾಗಿತ್ತು. "ವಕೀಲರೇ, ಹರಾಜಿಗೆ ಇನ್ನೂ ಹನ್ನೆರಡು ದಿನವಿದೆ. ಊರಿನ ಜಮೀನು ಮಾರಿದ ಹಣ ಹತ್ತು ದಿನದೊಳಗೆ ಕೈಸೇರುತ್ತದೆ. ಬಡ್ಡಿಸಮೇತ ಪೂರ್ತಿ ಕಟ್ಟಿಬಿಡುತ್ತೇನೆ" ಎಂದು ಅವರು ನೆಮ್ಮದಿಯಿಂದಲೇ ಹೇಳಿದರು. ಅವರ ಹಕ್ಕಿನ ಗಡುವು ಆ ಪುಟ ಅಚ್ಚಾದ ದಿನವೇ ಮುಗಿದಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಬ್ಯಾಂಕುಗಳ ವಸೂಲಿ ಪ್ರಕರಣಗಳಲ್ಲಿ ಸಾಲಗಾರರ ಪರವಾಗಿ ವಾದಿಸುತ್ತಾ ಬಂದಿರುವ ನನಗೆ ಅತಿ ಹೆಚ್ಚು ನೋವು ತರುವ ತಪ್ಪು ಇದೊಂದೇ. ಜನ ಹರಾಜಿನ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಎಣಿಸಬೇಕಾದದ್ದು ಹರಾಜು ಪ್ರಕಟಣೆಯ ದಿನದಿಂದ, ಅದೂ ಪ್ರಕಟಣೆ ಬರುವ ಎಷ್ಟೋ ಮೊದಲೇ.

ಈ ತಪ್ಪು ತಿಳಿವಳಿಕೆಗೆ ಕಾರಣವೂ ಇದೆ. ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಪಡಿಸಿಕೊಂಡು ಮಾರಲು ಬಿಡುವ 2002ರ ಸರ್ಫೇಸಿ ಕಾಯ್ದೆಯ 13(8)ನೇ ಕಲಮು ಹಿಂದೆ, ಮಾರಾಟಕ್ಕೆ ಗೊತ್ತುಪಡಿಸಿದ ದಿನಾಂಕಕ್ಕೆ ಮುನ್ನ ಸಾಲಗಾರನು ಪೂರ್ತಿ ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳಬಹುದು ಎಂದು ಹೇಳುತ್ತಿತ್ತು. 2016ರ ತಿದ್ದುಪಡಿ ಆ ಮಾತನ್ನು ಬದಲಿಸಿತು. ಈಗ ಬಿಡಿಸಿಕೊಳ್ಳಬೇಕಾದದ್ದು ಸಾರ್ವಜನಿಕ ಹರಾಜಿನ ನೋಟಿಸು ಪ್ರಕಟವಾಗುವ ದಿನಾಂಕಕ್ಕೆ ಮುನ್ನ. ಹಳೆಯ ಕಾನೂನನ್ನು ಕಂಡವರು, ಹಳೆಯ ಪ್ರಕರಣಗಳ ಕಥೆ ಕೇಳಿದ ನೆಂಟರು, ಬ್ಯಾಂಕಿನ ಮೆಟ್ಟಿಲ ಬಳಿ ಸಿಗುವ ಮಧ್ಯವರ್ತಿಗಳು, ಎಲ್ಲರೂ "ಹರಾಜಿನ ಹಿಂದಿನ ದಿನದವರೆಗೂ ಕಟ್ಟಬಹುದು, ಹೆದರಬೇಡಿ" ಎಂದು ಇಂದಿಗೂ ಧೈರ್ಯ ಹೇಳುತ್ತಿದ್ದಾರೆ.

ಸಾಮಾನ್ಯವಾಗಿ ಪ್ರಕಟಣೆಗೂ ಮೊದಲ ಹರಾಜಿಗೂ ನಡುವೆ ಮೂವತ್ತು ದಿನಗಳ ಅಂತರವಿರುತ್ತದೆ. ಈ ಮೂವತ್ತು ದಿನ ತಮಗಾಗಿ ಕೊಟ್ಟ ಕಾಲಾವಕಾಶವೆಂದು ಮನೆಯವರು ಭಾವಿಸುತ್ತಾರೆ. ಇಂದಿನ ಕಾನೂನಿನಲ್ಲಿ ಹಾಗೆ ಭಾವಿಸಲು ಆಧಾರವಿಲ್ಲ. ಸೆಲಿರ್ ಎಲ್‌ಎಲ್‌ಪಿ ಮತ್ತು ಬಾಫ್ನಾ ಮೋಟಾರ್ಸ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿತು. ಅಲ್ಲಿ ಹರಾಜಿನಲ್ಲಿ ಬಂದ ಬೆಲೆ ಸುಮಾರು 105 ಕೋಟಿ ರೂಪಾಯಿ. ಸಾಲಗಾರರು ಆಮೇಲೆ 129 ಕೋಟಿ ಕೊಡುತ್ತೇವೆಂದು ಮುಂದೆ ಬಂದರು, ಹೈಕೋರ್ಟ್ ಅದಕ್ಕೆ ಅವಕಾಶವನ್ನೂ ಕೊಟ್ಟಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೆಚ್ಚು ಹಣ ಕೈಯಲ್ಲಿದ್ದರೂ ದಿನ ಮೀರಿದ ಮೇಲೆ ಹಕ್ಕು ಉಳಿಯುವುದಿಲ್ಲ ಎಂಬುದನ್ನು ನಾನು ಕಕ್ಷಿದಾರರಿಗೆ ಮತ್ತೆ ಮತ್ತೆ ಹೇಳುವುದು ಈ ತೀರ್ಪನ್ನು ಮುಂದಿಟ್ಟುಕೊಂಡೇ. ಪ್ರಕಟಣೆಯ ನಂತರವೂ, ಹರಾಜು ನಡೆಯುವ ಮುನ್ನ, ಬ್ಯಾಂಕು ಹಣ ಪಡೆದು ಹರಾಜನ್ನು ಹಿಂತೆಗೆದುಕೊಂಡ ನಿದರ್ಶನಗಳನ್ನು ನಾನು ಕಂಡಿದ್ದೇನೆ. ಆದರೆ ಅದು ಬ್ಯಾಂಕಿನ ಮನಸ್ಸಿಗೆ ಬಿಟ್ಟ ವಿಷಯ. ನಾವು ಕೇಳಿಕೊಳ್ಳಬಹುದು, ಹಕ್ಕೆಂದು ಒತ್ತಾಯಿಸಲಾಗದು.

ಹಾಗಾದರೆ ಕಾಲಾವಕಾಶ ಇರುವುದು ಎಲ್ಲಿ? ಮೊದಲ ನೋಟಿಸಿನಲ್ಲಿ. ಕಂತು ತಪ್ಪಿ ತೊಂಬತ್ತು ದಿನ ಮೀರಿದ ಮೇಲೆ ಖಾತೆ ಎನ್‌ಪಿಎ, ಅಂದರೆ ಕಂತು ನಿಂತ ಅನುತ್ಪಾದಕ ಸಾಲ, ಆಗುತ್ತದೆ. ಆಮೇಲೆ, ಬಾಕಿ ಕಟ್ಟಿ ಎಂದು ಕಾಯ್ದೆಯ 13(2)ನೇ ಕಲಮಿನಡಿ ಬರುವ ನೋಟಿಸು ಅರವತ್ತು ದಿನಗಳ ಗಡುವು ಕೊಡುತ್ತದೆ. ಅದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಹದಿನೈದು ದಿನಗಳೊಳಗೆ ಬ್ಯಾಂಕು ಕಾರಣ ಸಹಿತ ಉತ್ತರ ಕೊಡಬೇಕು. ಬಡ್ಡಿ ತಪ್ಪು ಲೆಕ್ಕವಾಗಿದ್ದರೆ, ಕಟ್ಟಿದ ಹಣ ಜಮೆಯಾಗದಿದ್ದರೆ ಅದನ್ನು ಬರೆದು ತಿಳಿಸುವ ಜಾಗ ಇದು. ಈ ಹಂತದಲ್ಲಿ ಪೂರ್ತಿ ಸಾಲ ತೀರಿಸಲಾಗದವರಿಗೂ ಒಂದು ದಾರಿಯಿದೆ. ತಪ್ಪಿದ ಕಂತುಗಳನ್ನು ಬಡ್ಡಿಯೊಂದಿಗೆ ಪೂರ್ತಿ ಕಟ್ಟಿದರೆ ಖಾತೆ ಮತ್ತೆ ಸುಸ್ಥಿತಿಗೆ ಬರಲು ಸಾಧ್ಯ. "ಪೂರ್ತಿ" ಎಂಬ ಮಾತನ್ನು ಗಮನಿಸಬೇಕು. ಎರಡು ಕಂತು ಕಟ್ಟಿ ರಸೀದಿ ತಂದು ತೋರಿಸುವವರು ಬಹಳ. ಬಾಕಿ ಕಂತು ಮತ್ತು ಬಡ್ಡಿ ಸಂಪೂರ್ಣ ಸಂದಾಯವಾದ ಹೊರತು ಎನ್‌ಪಿಎ ಹಣೆಪಟ್ಟಿ ಕಳಚುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು ನೋಟಿಸು ಬಂದ ಇಪ್ಪತ್ತನೆಯ ದಿನವೇ ಬಂದಿದ್ದರು. ಒಡವೆ ಮಾರಿ, ತಪ್ಪಿದ ಏಳು ಕಂತನ್ನೂ ಬಡ್ಡಿಯನ್ನೂ ಒಂದೇ ದಿನ ಕಟ್ಟಿದರು. ಅವರ ಮನೆ ಪತ್ರಿಕೆಯವರೆಗೆ ಹೋಗಲೇ ಇಲ್ಲ.

ಮನೆ ಮಾರಲೇಬೇಕು ಎಂದಾದರೆ, ಹರಾಜಿಗೆ ಬಿಡುವುದಕ್ಕಿಂತ ತಾವೇ ಮಾರುವುದು ಬಹುಪಾಲು ಮೇಲು. ಆದರೆ 13(2) ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಕೊಳ್ಳುವವರನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಯ ಮುಂದೆ ಕೂರಿಸಿ, ಹಣ ನೇರವಾಗಿ ಸಾಲದ ಖಾತೆಗೆ ಬರುವಂತೆ ಬರೆದುಕೊಳ್ಳುವುದು ನಾನು ಅನುಸರಿಸುವ ಕ್ರಮ. ಓಟಿಎಸ್, ಅಂದರೆ ರಿಯಾಯಿತಿ ಮೊತ್ತ ಕಟ್ಟಿ ಸಾಲವನ್ನು ಒಮ್ಮೆಗೇ ಮುಗಿಸುವ ಒಪ್ಪಂದ, ಕೇಳುವವರು ಕೇಳಲಿ, ಆದರೆ ಅದು ಸಾಲಗಾರನ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿಯೇ ಹೇಳಿದೆ. ಓಟಿಎಸ್ ಅರ್ಜಿ ಕೊಟ್ಟ ಮಾತ್ರಕ್ಕೆ ದಿನಗಳು ನಿಲ್ಲುವುದೂ ಇಲ್ಲ.

ನ್ಯಾಯಾಲಯದ ದಾರಿಯ ಬಗ್ಗೆ ಎರಡು ಮಾತು. ಮಕ್ಕಳಿಂದ ವಿಭಾಗದ ದಾವೆ ಹಾಕಿಸಿ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರುತ್ತೇವೆ ಎನ್ನುವವರಿಗೆ ನಾನು ಬೇಡವೆನ್ನುತ್ತೇನೆ. ಕಾಯ್ದೆಯ 34ನೇ ಕಲಮು ಸಿವಿಲ್ ಕೋರ್ಟಿನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದೆ. ಸರಿಯಾದ ಜಾಗ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿ. ಸ್ವಾಧೀನದಂತಹ ಕ್ರಮ ನಡೆದ ದಿನದಿಂದ ನಲವತ್ತೈದು ದಿನಗಳೊಳಗೆ ಅಲ್ಲಿಗೆ ಹೋಗಬೇಕು. ಮನೆಯವರನ್ನು ಹೊರಹಾಕದೆ ಕಾಗದದ ಮೇಲಷ್ಟೇ ವಶಪಡಿಸಿಕೊಂಡು ಬಾಗಿಲಿಗೆ ಅಂಟಿಸುವ ಸಾಂಕೇತಿಕ ಸ್ವಾಧೀನದ ನೋಟಿಸನ್ನು ಅವಮಾನವೆಂದು ಕಿತ್ತೆಸೆಯುವವರಿದ್ದಾರೆ. ಮೇಲ್ಮನವಿಯ ದಿನಗಳು ಅಲ್ಲಿಂದಲೇ ಓಡುತ್ತವೆ. ನೋಟಿಸು ಕ್ರಮಬದ್ಧವಾಗಿ ತಲುಪಿಲ್ಲ, ಬೆಲೆಕಟ್ಟುವಿಕೆ ಸರಿಯಿಲ್ಲ ಎಂಬಂತಹ ಲೋಪಗಳಿದ್ದರೆ ಪ್ರಕಟಣೆಯ ನಂತರವೂ ಹೋರಾಡಲು ಅವಕಾಶವಿದೆ. ಲೋಪವಿಲ್ಲದಿದ್ದರೆ ಕೇವಲ ಕರುಣೆಯ ಮೇಲೆ ಆದೇಶ ಸಿಗುವುದು ಕಷ್ಟ. ಪ್ರತಿ ಪ್ರಕರಣದ ಕಾಗದ ಬೇರೆಯಾದ್ದರಿಂದ, ಇಲ್ಲಿ ಬರೆದದ್ದನ್ನು ತಮ್ಮ ಪ್ರಕರಣದ ಸಲಹೆಯೆಂದು ಯಾರೂ ತೆಗೆದುಕೊಳ್ಳಬಾರದು.

ಶಿಕ್ಷಕರ ಹಣ ಒಂಬತ್ತನೆಯ ದಿನಕ್ಕೆ ಬಂತು. ನಾವು ಬ್ಯಾಂಕಿಗೆ ಬರೆದೆವು, ಖುದ್ದಾಗಿ ಹೋಗಿ ಕೇಳಿದೆವು. ಬ್ಯಾಂಕು ಒಪ್ಪಲಿಲ್ಲ. ಕಾಗದಪತ್ರಗಳಲ್ಲಿ ಹಿಡಿಯಬಹುದಾದ ಲೋಪ ನನಗೆ ಕಾಣಲಿಲ್ಲ. ಮನೆ ಹರಾಜಾಯಿತು. ಸಾಲ, ಖರ್ಚು ಕಳೆದು ಉಳಿದ ಹಣ ಕಾಯ್ದೆಯ ಪ್ರಕಾರ ಮಾಲೀಕರಿಗೆ ಸೇರಬೇಕಾದದ್ದು. ಅದನ್ನು ಅವರು ಅರ್ಜಿ ಹಾಕಿ ಪಡೆದುಕೊಂಡರು. ಇಂತಹ ಉಳಿಕೆ ಇರುತ್ತದೆಂದು ತಿಳಿಯದೆ ಸುಮ್ಮನಾಗುವವರೂ ಇದ್ದಾರೆ, ಅವರು ಬ್ಯಾಂಕಿನಿಂದ ಲೆಕ್ಕ ಕೇಳಲೇಬೇಕು.

ಕೊನೆಯ ದಿನ ಆ ತಾಯಿ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. ಒಳಗೆ ಬ್ಯಾಂಕಿನಿಂದ ಬಂದ ನಾಲ್ಕು ಲಕೋಟೆಗಳಿದ್ದವು, ಮೂರನ್ನು ಒಡೆದೇ ಇರಲಿಲ್ಲ. "ಯಜಮಾನರಿಗೆ ನೋವಾಗಬಾರದೆಂದು ಬೀರುವಿನಲ್ಲಿ ಇಟ್ಟಿದ್ದೆ" ಎಂದರು. ಅಂಚೆಯನ್ನು ಒಡೆಯದಿದ್ದರೂ, ಬೇಡವೆಂದು ಹಿಂದಕ್ಕೆ ಕಳಿಸಿದರೂ ಕಾನೂನಿನ ಕಣ್ಣಿಗೆ ಅದು ಸಾಮಾನ್ಯವಾಗಿ ತಲುಪಿದಂತೆಯೇ. ನಿಮ್ಮ ಮನೆಯಲ್ಲಿ ಅಂತಹ ಲಕೋಟೆಗಳಿದ್ದರೆ ವಕೀಲರ ಬಳಿಗೆ ಹಾಗೆಯೇ ತೆಗೆದುಕೊಂಡು ಹೋಗಿ, ಸಂಕೋಚಪಡಬೇಡಿ, ಹೊರಗಿನ ಕವರನ್ನೂ ಎಸೆಯಬೇಡಿ. ನಾವು ಮೊದಲು ನೋಡುವುದು ಅದರ ಮೇಲಿನ ಅಂಚೆ ಮುದ್ರೆಯ ತಾರೀಖನ್ನು.