ಕಣ್ಣು ಮುಚ್ಚಿಕೊಂಡರೆ ದೆವ್ವ ಹೋಗಲ್ಲ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳು ಒಂದು ರಾತ್ರಿ ನಮ್ಮ ಸರಸ್ವತಿಪುರಂ ಮನೆಯಲ್ಲಿ ಹಿಚ್‌ಕಾಕ್‌ನ ‘ಸೈಕೋ’ ಹಾಕಿಕೊಂಡು ಕೂತಿದ್ದಳು. ಬಚ್ಚಲಿನ ದೃಶ್ಯ ಶುರುವಾಗುತ್ತಿದ್ದಂತೆ ದಿಂಬು ಮುಖಕ್ಕೆ ಬಂತು. ನಾನು ರಿಮೋಟ್ ಕಿತ್ತುಕೊಂಡು ದೃಶ್ಯವನ್ನು ಹಿಂದಕ್ಕೆ ಓಡಿಸಿ ಮ್ಯೂಟ್ ಒತ್ತಿದೆ. ‘ಈಗ ನೋಡೇ.’ ನೋಡಿದಳು. ಪರದೆ, ಚಾಕು, ಬಾಯಿ ತೆರೆದ ಹೆಂಗಸು, ನೀರು, ಮತ್ತೆ ಚಾಕು. ಅರ್ಧಕ್ಕೇ ನಗು ಬಂತು. ‘ಚಿಕ್ಕಮ್ಮ, ಚಾಕು ತಾಗಿದ ಹಾಗೇ ಕಾಣಲ್ವಲ್ಲ!’ ಹರಿಯುತ್ತಿರುವುದು ರಕ್ತವಲ್ಲ, ಚಾಕೊಲೇಟ್ ಸಿರಪ್ಪು ಎಂದೆ. ಇನ್ನಷ್ಟು ನಕ್ಕಳು. ಆಮೇಲೆ ಅವಳ ಕಣ್ಣು ಮುಚ್ಚಿಸಿ, ಅದೇ ದೃಶ್ಯವನ್ನು ಬರೀ ಕೇಳಿಸಿದೆ. ನಗು ಅಲ್ಲಿಗೇ ನಿಂತಿತು.

1960ರ ಆ ಚಿತ್ರದ ಬಚ್ಚಲ ದೃಶ್ಯಕ್ಕೆ ಸಂಗೀತವೇ ಬೇಡ ಎಂಬುದು ಹಿಚ್‌ಕಾಕ್‌ನ ಮೊದಲ ಲೆಕ್ಕಾಚಾರ. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಆ ಮಾತನ್ನು ಪಕ್ಕಕ್ಕಿಟ್ಟು, ಬರೀ ತಂತಿವಾದ್ಯಗಳಲ್ಲಿ ಆ ಚೀರಾಟ ಕಟ್ಟಿದ. ಚಾಕು ಇಳಿಯುವ ಸದ್ದಿಗೆ ಒಂದು ಜಾತಿಯ ಕರಬೂಜದ ಹಣ್ಣನ್ನು ತಿವಿದರು. ಪಿಟೀಲು ಅಲ್ಲಿ ಹಾಡುವುದಿಲ್ಲ, ಕಿರುಚುತ್ತದೆ. ನಾವು ಮಾತಾಡುವಾಗ ದನಿಯ ಜೋರು ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಮನುಷ್ಯ ಕಿರುಚಿದಾಗ ಅದೇ ಏರಿಳಿತ 30ರಿಂದ 150 ಸಲ. ಆ ಒರಟುತನ ಕಿವಿಗೆ ಬಿದ್ದರೆ ಮಿದುಳು ಅರ್ಥ ಹುಡುಕಲು ಹೋಗುವುದಿಲ್ಲ, ಮೊದಲು ಗಾಬರಿಯಾಗುತ್ತದೆ.

ನಾನು ಸಿನಿಮಾದವಳಲ್ಲ, ಶ್ರವಣ ತಜ್ಞೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. 1965ರಿಂದ ಇರುವ ಸಂಸ್ಥೆ, ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು. ದಿನವಿಡೀ ನನ್ನ ಕೆಲಸ ಇಷ್ಟೇ: ಜನರನ್ನು ಸೌಂಡ್‌ಪ್ರೂಫ್ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಡುವುದು. ‘ಪೀಂ’ ಅಂತ ಸದ್ದು ಬಂದರೆ ಒತ್ತಿ, ಎಷ್ಟೇ ಸಣ್ಣದಿದ್ದರೂ ಒತ್ತಿ. ಸದ್ದನ್ನು ಇಳಿಸುತ್ತಾ ಹೋಗುತ್ತೇನೆ. ಇನ್ನೇನು ಕೇಳಿಸದು ಅನ್ನುವ ಹಂತಕ್ಕೆ ಬಂದಾಗ ಕೆಲವರು ನಾನು ಏನೂ ಕೊಡದಿದ್ದರೂ ಬಟನ್ ಒತ್ತುತ್ತಾರೆ. ಸುಳ್ಳು ಹೇಳುತ್ತಿರುವುದಲ್ಲ, ಅವರಿಗೆ ನಿಜವಾಗಿ ಕೇಳಿಸಿರುತ್ತದೆ. ಕಾದು ಕೂತ ಕಿವಿ ಅದು.

ರಾಬರ್ಟ್ ವೈಸ್‌ನ ‘ದಿ ಹಾಂಟಿಂಗ್’ (1963) ನೋಡಿದಾಗಲೆಲ್ಲ ನನಗೆ ಆ ಕೋಣೆಯೇ ನೆನಪಾಗುತ್ತದೆ. ಅದರಲ್ಲಿ ದೆವ್ವವನ್ನು ಒಂದು ಸಲವೂ ತೋರಿಸುವುದಿಲ್ಲ. ಇಬ್ಬರು ಹೆಂಗಸರು ಮಲಗುವ ಕೋಣೆಯಲ್ಲಿ ಒಬ್ಬರನ್ನೊಬ್ಬರು ಅವುಚಿಕೊಂಡಿದ್ದಾರೆ, ಹೊರಗೆ ಧಡ್ ಧಡ್ ಎಂದು ಏನೋ ಗೋಡೆ ಬಡಿಯುತ್ತಾ ಬಾಗಿಲ ಹತ್ತಿರ ಬರುತ್ತದೆ. ನಿಲ್ಲುತ್ತದೆ. ಆ ನಿಂತ ಹೊತ್ತಿನಲ್ಲಿ ನೋಡುವವರೆಲ್ಲ ಬಟನ್ ಹಿಡಿದು ಕೂತವರೇ. ಹೆದರಿಸುವ ಚಿತ್ರಗಳ ನನ್ನ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ.

ಬೆಚ್ಚಿಬೀಳುವುದು ಬೇರೆ ಲೆಕ್ಕ. 1942ರ ‘ಕ್ಯಾಟ್ ಪೀಪಲ್’ನಲ್ಲಿ ಒಬ್ಬಳು ರಾತ್ರಿ ಪಾರ್ಕಿನ ಗೋಡೆ ಪಕ್ಕ ನಡೆದು ಹೋಗುತ್ತಿರುತ್ತಾಳೆ. ಹಿಂದೆ ಇನ್ನೊಬ್ಬಳ ಹೀಲ್ಡ್ ಚಪ್ಪಲಿಯ ಟಕ್ ಟಕ್. ಆ ಟಕ್ ಟಕ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಇವಳ ಹೆಜ್ಜೆ ಬಿರುಸಾಗುತ್ತದೆ, ಆಮೇಲೆ ‘ಹಿಸ್ಸ್’ ಎಂದು ಎದುರಿಗೆ ಬಂದು ನಿಲ್ಲುವುದು ಒಂದು ಬಸ್ಸು. ಅಷ್ಟೇ! ನಮ್ಮ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ನೂರಾರು ಸಲ ಕೇಳುವ ಬ್ರೇಕಿನ ಸದ್ದು, ಯಾರೂ ತಿರುಗಿಯೂ ನೋಡುವುದಿಲ್ಲ. ಸಿನಿಮಾದವರು ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಲ್ಲಿ ಈ ಉಪಾಯವನ್ನು ಇಂದಿಗೂ ‘ಲ್ಯೂಟನ್ ಬಸ್’ ಅನ್ನುತ್ತಾರೆ.

ಆ ಬಸ್ಸಿಗೆ ಯಾಕೆ ಎದೆ ಝಲ್ಲೆನ್ನಬೇಕು? ಕಿವಿಯೊಳಗೆ ಸ್ಟೇಪಿಸ್ ಎಂಬ ಮೂಳೆಯಿದೆ. ಸುಮಾರು 3 ಮಿಲಿಮೀಟರ್, ದೇಹದ ಮೂಳೆಗಳಲ್ಲೇ ಚಿಕ್ಕದು. ಅದಕ್ಕೊಂದು ನೂಲೆಳೆಯಂಥ ಸ್ನಾಯು ಅಂಟಿಕೊಂಡಿದೆ. ಜೋರು ಸದ್ದು ಬಂದರೆ ಸ್ನಾಯು ಮೂಳೆಯನ್ನು ಬಿಗಿಹಿಡಿದು ಒಳಕಿವಿಗೆ ಹೋಗುವ ಪೆಟ್ಟನ್ನು ತಗ್ಗಿಸುತ್ತದೆ. ಆದರೆ ಹಾಗೆ ಬಿಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯಬಹುದು. ನಿಶ್ಶಬ್ದದ ನಡುವೆ ಫಕ್ಕನೆ ಬಂದ ಸದ್ದು ಅಷ್ಟರಲ್ಲಿ ಒಳಗೆ ಹೋಗಿಯಾಗಿರುತ್ತದೆ. ಮಿದುಳಿನ ಬುಡದಿಂದಲೇ ಆಜ್ಞೆ ಹೊರಟು ರೆಪ್ಪೆ ಬಡಿದು ಭುಜ ಕುಗ್ಗಿರುತ್ತದೆ. ‘ಅಯ್ಯೋ, ಬಸ್ಸು’ ಅನ್ನುವ ಬುದ್ಧಿ ಬರುವುದು ಅದಾದ ಮೇಲೆ. ಐದೈದು ನಿಮಿಷಕ್ಕೊಮ್ಮೆ ಢಂ ಅನ್ನಿಸುವ ಈಗಿನ ಚಿತ್ರಗಳು ಇದನ್ನೇ ಮಾಡಲು ಹೊರಟು ಸೋಲುತ್ತವೆ. ಒಂದೇ ಪೆಟ್ಟನ್ನು ಮತ್ತೆ ಮತ್ತೆ ತಿಂದರೆ ದೇಹ ಬೆಚ್ಚುವುದನ್ನೇ ಬಿಡುತ್ತದೆ.

ಎಲ್ಲಿಂದ ಬಂತು ಎಂದು ಗೊತ್ತಾಗದ ಸದ್ದಿಗೆ ಜೋರೂ ಬೇಕಿಲ್ಲ. ಮಂಡ್ಯ ಕಡೆಯ ಒಬ್ಬ ಹಿರಿಯರು, ರೈಸ್ ಮಿಲ್ಲಿನಲ್ಲಿ ದುಡಿದು ಕಿವಿ ಮಂದವಾದವರು, ಹಿಯರಿಂಗ್ ಏಡ್ ಹಾಕಿಸಿಕೊಂಡ ಮೂರನೇ ದಿನಕ್ಕೇ ವಾಪಸ್ ಬಂದರು. ‘ಏನವ್ವಾ, ಸಂಜೆಯಾದ್ರೆ ಅಡಿಗೆ ಮನೇಲಿ ಯಾರೋ ಗೊರಕೆ ಹೊಡೀತವ್ರೆ. ಹೋಗಿ ನೋಡುದ್ರೆ ಯಾರೂ ಇಲ್ಲ. ನಮ್ಮೆಂಗುಸ್ರಿಗೆ ಕೇಳಿದ್ರೆ ಏನೂ ಇಲ್ಲ ಅಂತಳೆ.’ ಕೇಳುತ್ತಾ ಹೋದಾಗ ಗೊತ್ತಾಯಿತು: ಮನೆಗೆ ಫ್ರಿಜ್ ಬಂದದ್ದು ಅವರ ಕಿವಿ ಹೋದ ಮೇಲೆ. ಅದಕ್ಕೊಂದು ಸದ್ದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರ ಹೆಂಡತಿಗೋ ಅದು ಸದ್ದೇ ಅಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಗುರುತಿನ ಬಾಯಲ್ಲಿ ಗುರುತಿಲ್ಲದ ದನಿ. ಗಂಡಸಿನ ದನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ ಕಂಪಿಸುತ್ತವೆ, ಹೆಂಗಸಿನವು 200ರ ಆಸುಪಾಸು, ಮಕ್ಕಳವು ಇನ್ನೂ ಮೇಲೆ. ‘ದಿ ಎಕ್ಸಾರ್ಸಿಸ್ಟ್’ (1973) ಈ ಲೆಕ್ಕವನ್ನು ಮುರಿಯಿತು. ದೆವ್ವ ಹೊಕ್ಕ ಹನ್ನೆರಡರ ಹುಡುಗಿಯ ಬಾಯಿಗೆ ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ನಟಿ ದನಿ ಕೊಟ್ಟಳು, ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ ಗಂಟಲು ಕೆಡಿಸಿಕೊಂಡು. (ನನ್ನ ಬಳಿ ಗಂಟಲು ತೋರಿಸಲು ಬರುವ ಮೇಷ್ಟ್ರುಗಳು ದಯವಿಟ್ಟು ಪ್ರಯೋಗ ಮಾಡಬೇಡಿ.) ತಲೆ ಹಿಂದಕ್ಕೆ ತಿರುಗುವಾಗಿನ ಲಟಲಟ ಹಳೇ ಚರ್ಮದ ಪರ್ಸನ್ನು ತಿರುಚಿದ್ದು. ಆ ವರ್ಷ ಶಬ್ದಕ್ಕೆ ಸಿಗುವ ಆಸ್ಕರ್ ಅದಕ್ಕೇ ಸಿಕ್ಕಿತು.

ನಮ್ಮ ‘ಆಪ್ತಮಿತ್ರ’ (2004) ದನಿಯ ಜೊತೆಗೆ ಭಾಷೆಯನ್ನೂ ಬದಲಿಸಿತು. ಕನ್ನಡದ ಸೊಸೆ ತೆಲುಗಿನಲ್ಲಿ ಮಾತಾಡಿದ ಕೂಡಲೇ ಅವಳು ಅವಳಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದಕ್ಕೂ ಹಿಂದಿನ ‘ನಾ ನಿನ್ನ ಬಿಡಲಾರೆ’ (1979) ನಮ್ಮ ಕಾಲದವರ ನಿದ್ದೆ ಕೆಡಿಸಿದ ಚಿತ್ರ. ನನ್ನ ಒಂದೇ ತಕರಾರು, ಮೈಸೂರಿನವರೇ ಆದ ರಾಜನ್–ನಾಗೇಂದ್ರರ ಮೇಲೆ: ಹಾಡು ಅಷ್ಟು ಇಂಪಾಗಿದ್ದರೆ ದೆವ್ವಕ್ಕೆ ಹೆದರುವುದು ಹೇಗೆ?

ಒಂದು ವೃತ್ತಿಯ ಮಾತು. ಹೆಡ್‌ಫೋನ್ ಹಾಕಿಕೊಂಡು ಇಂಥ ಚಿತ್ರ ನೋಡುವಾಗ ಪಿಸುಮಾತು ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ಪಿಸುಮಾತಿನ ಹಿಂದೆಯೇ ಚೀರಾಟ ಬರುತ್ತದೆ. ಚೀರಾಟ ಎಷ್ಟಿದ್ದರೆ ಹಿತವೋ ಅಷ್ಟಕ್ಕೆ ಇಟ್ಟುಕೊಳ್ಳಿ, ಪಿಸುಮಾತು ಹೋದರೆ ಹೋಗಲಿ.

ಮರುದಿನ ಅಕ್ಕನ ಮಗಳು ಕ್ಲಿನಿಕ್ಕಿಗೂ ಬಂದಳು. ಕೋಣೆಯಲ್ಲಿ ಕೂರಿಸಿ, ಬಟನ್ ಕೊಟ್ಟು, ಬಾಗಿಲು ಹಾಕಿದೆ. ಎರಡು ನಿಮಿಷ ಯಾವ ಸದ್ದನ್ನೂ ಕೊಡಲಿಲ್ಲ. ನನ್ನ ಕಡೆಯ ದೀಪ ಮೂರು ಸಲ ಹೊತ್ತಿತು. ಹೊರಗೆ ಬಂದವಳು, ‘ಮೊದಲೆರಡು ಸ್ವಲ್ಪ ಡೌಟು ಚಿಕ್ಕಮ್ಮ, ಮೂರನೇದು ಮಾತ್ರ ಚೆನ್ನಾಗಿ ಕೇಳಿಸ್ತು’ ಎಂದಳು.