ಮಲೆನಾಡಿನ ಮಳೆಗಾಲದ ಊಟ: ಕಳಲೆಯ ನೀರು ಯಾಕೆ ಚೆಲ್ಲಬೇಕು?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆ ಹಿಡಿಯಿತೆಂದರೆ ಅಡುಗೆ ಮನೆಯ ಸಾಮಾನೇ ಬದಲಾಗುತ್ತದೆ. ಕಳಲೆ (ಎಳೆ ಬಿದಿರಿನ ಮೊಳಕೆ), ಕೆಸುವಿನ ಎಲೆ, ಅಣಬೆ, ಬೇಸಿಗೆಯಲ್ಲೇ ಎತ್ತಿಟ್ಟ ಹಲಸಿನ ಬೀಜ, ಹುರುಳಿ. ಮಳೆಗಾಲದ ಆಹಾರದ ಬಗ್ಗೆ ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ನಾವು "ಬಿಸಿ ಊಟ ಮಾಡಬೇಕು, ಶುಂಠಿ ಕಷಾಯ ಕುಡಿಯಬೇಕು" ಎಂದು ಬರೆದು ಮುಗಿಸುತ್ತೇವೆ. ಕಾರಣ ಬರೆಯುವುದೇ ಇಲ್ಲ. ಕಾರಣ ಗೊತ್ತಿದ್ದರೆ ಬಾಯಿಪಾಠ ಬೇಕಾಗುವುದಿಲ್ಲ.

ಮೊದಲು ಕಳಲೆ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇರುತ್ತದೆ. ಹೆಚ್ಚಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷ ಹೊರಬರುತ್ತದೆ. ಹೆಸರು ಕೇಳಿ ಹೆದರಬೇಡಿ, ಅದು ಹೊರಬರಬೇಕೆಂದೇ ಸಣ್ಣಗೆ ಹೆಚ್ಚುವುದು. ದಪ್ಪ ಹೋಳು ಮಾಡಿದರೆ ಒಳಗಿನದು ಒಳಗೇ ಉಳಿಯುತ್ತದೆ. ಆಮೇಲೆ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಾರೆ. ವಿಷ ನೀರಿಗೆ ಇಳಿದಿರುತ್ತದೆ, ಹಾಗಾಗಿ ಆ ನೀರನ್ನು ಸಾರಿಗೆ ಬಳಸುವ ಮಾತೇ ಇಲ್ಲ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಅಂದರೆ ಮುಚ್ಚಳ ತೆಗೆದು ಚೆನ್ನಾಗಿ ಬೇಯಿಸಿದರೆ ಉಳಿದದ್ದೂ ಆವಿಯ ಜೊತೆ ಹೋಗುತ್ತದೆ. ಬೇಯಿಸಿದ ನೀರನ್ನೂ ಬಸಿದು ಚೆಲ್ಲಿ.

ಕೆಸುವಿನ ಕಥೆ ಬೇರೆ. ಅದರಲ್ಲಿರುವುದು ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಅವು ಚುಚ್ಚುವುದರಿಂದಲೇ ಗಂಟಲು ಕೆರೆಯುವುದು. ಕೆಸುವಿನ ಎಲೆಗೆ ಹಿಟ್ಟು ಸವರಿ ಮಾಡುವ ಪತ್ರೊಡೆಯ ಹಿಟ್ಟಿಗೆ ಹುಣಸೆಹಣ್ಣು ಹಾಕಿ, ಹಬೆಯಲ್ಲಿ ಪೂರ್ತಿ ಬೇಯಿಸುವುದು ಇದಕ್ಕೇ. ಆಕ್ಸಲೇಟ್‌ನಿಂದ ಮೂತ್ರಪಿಂಡದಲ್ಲಿ ಕಲ್ಲಾದವರು ಇದನ್ನು ಕಡಿಮೆ ತಿನ್ನಬೇಕು.

ಅಣಬೆಗೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅಮಟಾಕ್ಸಿನ್ ಎಂಬ ವಿಷ ಇರುವ ಅಣಬೆಯನ್ನು ಎಷ್ಟು ಬೇಯಿಸಿದರೂ ವಿಷ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದು ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲೆ. "ಹುಳ ತಿಂದಿದೆ, ನಾವೂ ತಿನ್ನಬಹುದು" ಎನ್ನುವುದು ಸುಮ್ನೆ ನಂಬಿಕೆ. ಗುರುತು ಗೊತ್ತಿಲ್ಲದ್ದನ್ನು ಬುಟ್ಟಿಗೇ ಹಾಕಬೇಡಿ.

ಹುರುಳಿಯ ಬಗ್ಗೆ ಒಂದೇ ಮಾತು: 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಮೀನು, ಮಾಂಸ ತಿನ್ನದ ಮನೆಗೆ ಹುರುಳಿ ಸಾರು ಒಳ್ಳೆಯ ಆಸರೆ.

ಇಷ್ಟೆಲ್ಲ ಮಾಡಿಯೂ ಜನ ಜಾಸ್ತಿ ಎಡವುವುದು ನೀರಿನಲ್ಲಿ. ಟೈಫಾಯ್ಡ್, ಕಾಲರಾ, ಕಾಮಾಲೆ ತರುವ ಹೆಪಟೈಟಿಸ್ ಎ, ಮೂರೂ ಮಲ ಸೇರಿದ ನೀರಿನಿಂದ ಹರಡುತ್ತವೆ. ಮಳೆಗೆ ಬಾವಿ ನೀರು ಕದಡಿದರೆ ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ ಕೊತಕೊತ ಕುದಿಸಿ. ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆದರೆ ಕುದಿಸಿದ ನೀರು ಬಿಸಿ ಜಾಸ್ತಿ ಅಂತ ಅದಕ್ಕೆ ನಲ್ಲಿ ನೀರು ಬೆರೆಸಿ ಕುಡಿಯುವವರಿದ್ದಾರಲ್ಲ, ಅವರು ಗ್ಯಾಸ್ ಖರ್ಚು ಮಾಡಿದ್ದು ದಂಡ. ಮಾಡಿದ ಅಡುಗೆಯನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಭೇದಿ ಶುರುವಾದರೆ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) ಪ್ಯಾಕೆಟ್ ಉತ್ತಮ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಕೈಯಳತೆ ಬೇಡ. 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಅಥವಾ ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸುತ್ತಿರಿ.