ಸೋಲಾರ್ ಸೆಲ್ ರಿಸರ್ಚ್‌ನಲ್ಲಿ ಎಲೆಕ್ಟ್ರಾನ್ ಸ್ಪಿನ್‌ಗೇನು ಕೆಲಸ?

ಪ್ರಶ್ನೆ: ಕರೆಂಟ್ ಅಂದ್ರೆ ಚಾರ್ಜ್ ಹರಿಯೋದು ತಾನೆ? ಮತ್ತೆ ಸೋಲಾರ್ ಮಟೀರಿಯಲ್ ಮೇಲೆ ಕೆಲಸ ಮಾಡೋ ಫಿಸಿಕ್ಸ್‌ನೋರು ಎಲೆಕ್ಟ್ರಾನ್ ಸ್ಪಿನ್ ಹಿಂದೆ ಯಾಕೆ ಬಿದ್ದಿರ್ತಾರೆ?

ಈ ಡೌಟ್ ನ್ಯಾಯವಾದದ್ದೇ. ಸ್ಪಿನ್ ಅಂದ್ರೆ ಎಲೆಕ್ಟ್ರಾನ್‌ಗೆ ಹುಟ್ಟಿನಿಂದಲೇ ಇರೋ ಪುಟ್ಟ ಮ್ಯಾಗ್ನೆಟ್‌ನಂಥ ಗುಣ, ಅಳೆದ್ರೆ ಮೇಲಕ್ಕೋ ಕೆಳಕ್ಕೋ ಎರಡೇ ದಿಕ್ಕು. 0.34 ಟೆಸ್ಲಾ ಮ್ಯಾಗ್ನೆಟ್ ಮಧ್ಯ ಇಟ್ರೂ ಸ್ಪಿನ್ ಮೇಲಕ್ಕಿರೋದಕ್ಕೂ ಕೆಳಕ್ಕಿರೋದಕ್ಕೂ ಇರೋ ಎನರ್ಜಿ ವ್ಯತ್ಯಾಸ ಸುಮಾರು 0.04 ಮಿಲಿ ಎಲೆಕ್ಟ್ರಾನ್ ವೋಲ್ಟ್ ಅಷ್ಟೇ, ರೂಮ್ ಟೆಂಪರೇಚರ್‌ನ ಶಾಖದ ಅಲುಗಾಟವೇ 25, ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದ್ರೆ ಸ್ಪಿನ್ ಇಲ್ಲಿ ಎನರ್ಜಿ ಕೊಡೋಕೆ ಬಂದಿರೋದಲ್ಲ, ಯಾವ ಎಲೆಕ್ಟ್ರಾನ್ ಎಲ್ಲಿಗೆ ಹೋಗಬಹುದು ಅಂತ ರೂಲ್ ಹಾಕೋಕೆ ಬಂದಿರೋದು.

ಸಿಲಿಕಾನ್‌ನಲ್ಲಿ ಕೆಲವು ಪರಮಾಣುಗಳಿಗೆ ಪಕ್ಕದ ಪರಮಾಣು ಸಿಗದೆ ಒಂದು ಬಾಂಡ್ ಹಾಗೇ ಅರ್ಧಕ್ಕೆ ಉಳಿದಿರುತ್ತೆ, ಡ್ಯಾಂಗ್ಲಿಂಗ್ ಬಾಂಡ್ ಅಂತಾರೆ, ಅದರಲ್ಲಿ ಒಂಟಿ ಎಲೆಕ್ಟ್ರಾನ್ ಕೂತಿರುತ್ತೆ. ಬೆಳಕಿಂದ ಹುಟ್ಟಿದ ಎಲೆಕ್ಟ್ರಾನ್ ಓಡಾಡ್ತಾ ಅಲ್ಲಿಗೆ ಬಿದ್ರೆ ಅದು ಕರೆಂಟ್ ಆಗೋ ಬದಲು ವೇಸ್ಟ್. ಆದ್ರೆ ಪೌಲಿ ನಿಯಮದ ಪ್ರಕಾರ (ಒಂದೇ ಜಾಗದಲ್ಲಿ ಒಂದೇ ಸ್ಪಿನ್‌ನ ಎರಡು ಎಲೆಕ್ಟ್ರಾನ್ ಕೂರೋ ಹಾಗಿಲ್ಲ) ಒಳಗಿರೋದರ ಸ್ಪಿನ್‌ಗೆ ಉಲ್ಟಾ ಸ್ಪಿನ್ ಇದ್ರೆ ಮಾತ್ರ ಎಂಟ್ರಿ! ಅಂದ್ಮೇಲೆ ಮ್ಯಾಗ್ನೆಟ್ ಮಧ್ಯ ಇಟ್ಟು, ಮೈಕ್ರೋವೇವ್ ಹಾಯಿಸಿ, ಒಂದೇ ಸ್ಪಿನ್ ಅಂತ ಹೊರಗುಳಿದವುಗಳ ಸ್ಪಿನ್ ತಿರುಗಿಸಿದ್ರೆ ವೇಸ್ಟ್ ಆಗೋದು ಜಾಸ್ತಿಯಾಗಿ ಕರೆಂಟ್ ಚೂರು ಇಳೀಬೇಕಲ್ವಾ, 1972ರಲ್ಲಿ ಲೆಪಿನ್ ಅನ್ನೋರು ಸಿಲಿಕಾನ್‌ನಲ್ಲಿ ಇದನ್ನೇ ತೋರಿಸಿದ್ರು. ನನಗಂತೂ ಈ ಇಡೀ ಫೀಲ್ಡ್‌ನಲ್ಲಿ ಇಷ್ಟವಾದ ಪ್ರಯೋಗ ಇದು.

ಕರೆಂಟ್ ಬದಲು ಮೈಕ್ರೋವೇವ್ ಎಷ್ಟು ಹೀರಿಕೊಳ್ತು ಅಂತ ನೋಡೋ ವಿಧಾನ ಇನ್ನೂ ಹಳೇದು, ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್) ಅಂತ, 1944ರಲ್ಲಿ ಕಜಾನ್‌ನಲ್ಲಿ ಜವೊಯ್‌ಸ್ಕಿ ಕಂಡುಹಿಡಿದದ್ದು. ಸಿಗ್ನಲ್ ಎಲ್ಲಿ ಬರುತ್ತೆ ಅನ್ನೋದರ ಮೇಲೆ ಅದು ಯಾವ ಡಿಫೆಕ್ಟ್ ಅಂತ ಗೊತ್ತಾಗುತ್ತೆ: ಆ ಜಾಗ ಹೇಳೋ ಸಂಖ್ಯೆಗೆ ಜಿ ವ್ಯಾಲ್ಯೂ ಅಂತಾರೆ, ಯಾವುದಕ್ಕೂ ಅಂಟದ ಎಲೆಕ್ಟ್ರಾನ್‌ನದು 2.0023, ಅಮಾರ್ಫಸ್ ಸಿಲಿಕಾನ್‌ನ (ಪರಮಾಣುಗಳು ಸಾಲಾಗಿ ಜೋಡಿಸಿಕೊಳ್ಳದ ಸಿಲಿಕಾನ್) ಡ್ಯಾಂಗ್ಲಿಂಗ್ ಬಾಂಡ್‌ದು 2.0055. ಅಮಾರ್ಫಸ್ ಸಿಲಿಕಾನ್ ಬೆಳಕಿಗಿಟ್ರೆ ಅದರ ಗುಣ ಇಳಿಯುತ್ತೆ, ಸುಮಾರು 150 ಡಿಗ್ರಿಗೆ ಕಾಯಿಸಿದ್ರೆ ಮತ್ತೆ ಸರಿಹೋಗುತ್ತೆ ಅಂತ 1977ರಲ್ಲಿ ಸ್ಟೇಬ್ಲರ್ ಮತ್ತು ರಾನ್ಸ್ಕಿ ಹೇಳಿದ್ರು (ಬಿಸಿಲಿಗೇ ಮಾಡಿದ ವಸ್ತು ಬಿಸಿಲಿಗೇ ಕೆಡೋದು ಅಂದ್ರೆ ನೋಡಿ), ಆಮೇಲೆ ಇಎಸ್‌ಆರ್ ಹಾಕಿ ನೋಡಿದ್ರೆ ಬೆಳಕು ಬಿದ್ದಷ್ಟೂ ಡ್ಯಾಂಗ್ಲಿಂಗ್ ಬಾಂಡ್ ಸಿಗ್ನಲ್ ಏರ್ತಾ ಇತ್ತು.

ಲೆಡ್ ಇರೋ ಪೆರೋವ್‌ಸ್ಕೈಟ್ ಅನ್ನೋ ಇನ್ನೊಂದು ಸೋಲಾರ್ ಮಟೀರಿಯಲ್ ಕಥೆ ಬೇರೆ, ಲೆಡ್ ಭಾರದ ಪರಮಾಣು ಆದ್ರಿಂದ ರೂಮ್ ಟೆಂಪರೇಚರ್‌ನಲ್ಲಿ ಸ್ಪಿನ್ ಕೆಲವೇ ಪಿಕೋಸೆಕೆಂಡ್‌ನಲ್ಲಿ ದಿಕ್ಕು ತಪ್ಪುತ್ತೆ.

ಸ್ಪಿನ್ ರೂಲ್ ನಮ್ಮ ಪರವಾಗೂ ಕೆಲಸ ಮಾಡುತ್ತೆ. ಟೆಟ್ರಾಸೀನ್ ಅನ್ನೋ ಆರ್ಗಾನಿಕ್ ವಸ್ತುವಿಗೆ ಒಂದು ಫೋಟಾನ್ ಬಿದ್ರೆ ಮೊದಲು ಒಟ್ಟು ಸ್ಪಿನ್ ಸೊನ್ನೆ ಇರೋ, ಸಿಂಗ್ಲೆಟ್ ಅನ್ನೋ ಎನರ್ಜಿ ತುಂಬಿದ ಸ್ಥಿತಿ ಹುಟ್ಟುತ್ತೆ, ಅದು ಒಡೆದು ಟ್ರಿಪ್ಲೆಟ್ ಅನ್ನೋ ಎರಡು ಸಣ್ಣ ಸ್ಥಿತಿ ಆಗುತ್ತೆ, ಒಂದೊಂದರ ಸ್ಪಿನ್ 1 ಆದ್ರೂ ಎರಡೂ ಸೇರಿ ಸೊನ್ನೆಯೇ, ಸೋ ರೂಲ್ ಮುರಿದ ಹಾಗಾಗಲ್ಲ. ಒಂದು ಫೋಟಾನ್‌ಗೆ ಎರಡು ಎಲೆಕ್ಟ್ರಾನ್ ಸಿಗೋ ಚಾನ್ಸ್! ಟ್ರಿಪ್ಲೆಟ್ ಒಂದೇ ಸಲ ಕೆಳಗಿಳಿಯೋಕೂ ಸ್ಪಿನ್ ಬಿಡಲ್ಲ, ಹಾಗಾಗಿ ಸಾಕಷ್ಟು ಹೊತ್ತು ಬದುಕಿರುತ್ತೆ. ಅದರ ಎನರ್ಜಿ ಸುಮಾರು 1.25 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ಗೆ ಬೇಕಿರೋದು 1.12. 2019ರಲ್ಲಿ ಎಂಐಟಿ ತಂಡ ಮಧ್ಯ ಒಂದು ನ್ಯಾನೋಮೀಟರ್‌ಗಿಂತ ತೆಳು ಹ್ಯಾಫ್ನಿಯಂ ಆಕ್ಸಿನೈಟ್ರೈಡ್ ಪದರ ಇಟ್ಟು ಈ ಎನರ್ಜಿನ ಸಿಲಿಕಾನ್‌ಗೆ ದಾಟಿಸಿತು. ಕಷ್ಟ ಇರೋದು ಆ ಪದರದಲ್ಲೇ, ದಪ್ಪ ಆದ್ರೆ ಎನರ್ಜಿ ದಾಟಲ್ಲ, ತೀರಾ ತೆಳು ಆದ್ರೆ ಸಿಲಿಕಾನ್ ಮೇಲ್ಮೈಯಲ್ಲಿರೋ ಡ್ಯಾಂಗ್ಲಿಂಗ್ ಬಾಂಡ್‌ಗಳು ಸರಿಯಾಗಿ ಮುಚ್ಚದೆ ಬಂದದ್ದನ್ನೆಲ್ಲ ನುಂಗಿಬಿಡ್ತವೆ.